ಸಾದಿಲ್ವಾರು

ಔಷಧಕ್ಕೊಂದು ಕಲಂ ಇದೆ,
ಬಾಡಿಗೆಗೊಂದು, ಡಾಕ್ಟರರ ಗೌರವಧನಕ್ಕೊಂದು,
ಫಿನಾಯಿಲು ಕಸಬರಿಗೆಗೆ ಅರ್ಧ.
ಹುಸೇನಪ್ಪನ ರಾತ್ರಿ ಎರಡು ಗಂಟೆಗೆ
ಯಾವ ಕಲಮೂ ಇಲ್ಲ.

ನಾನು ಲೆಕ್ಕದವಳು. ಸಮಾಧಾನ ಹೇಳುವುದು ನನ್ನ ಕೆಲಸವಲ್ಲ.
ಸ್ಟೇಷನ್ ರಸ್ತೆಯ ಈ ಮಾಳಿಗೆಯ ಮೇಲೆ
ಹಸಿರು ರೆಕ್ಸಿನ್ ಹೊದಿಕೆಯ ಪುಸ್ತಕ, ಎರಡು ಪೆನ್ನು.
ಕೂಡಿಸಿದರೆ ಕೂಡಬೇಕು, ಅಷ್ಟೇ.

ಅವನು ಗಂಜಿನ ಹಮಾಲ, ಹತ್ತಿ ಅಂಡಿಗೆ ಹೊತ್ತ ಬೆನ್ನು.
ಈಚಲ ಮರವೇ ಇಲ್ಲದ ಓಣಿಯಲ್ಲಿ ಇಳಿಯುವ ಸೇಂದಿ
ಹದಿನಾಲ್ಕು ವರ್ಷ ಕುಡಿದ: ಬಿಳಿ ಪುಡಿ, ನೀರು, ಸಕ್ಕರೆ, ಒಂದಿಷ್ಟು ನೊರೆ.
ಕೊನೆಗೆ ಪುಡಿಯನ್ನೇ ಕಿಸೆಯಲ್ಲಿಟ್ಟುಕೊಂಡು ಸಿಕ್ಕಿಬಿದ್ದ.
ನ್ಯಾಯಾಧೀಶರು ಕನ್ನಡಕ ತೆಗೆದು ಅವನ ಕೈ ನೋಡಿದರಂತೆ,
ಕಟಕಟೆಯ ಕಟ್ಟಿಗೆಯೂ ಅವನ ಜೊತೆ ನಡುಗುತ್ತಿತ್ತಂತೆ.
ಜೈಲು ಎಂದು ಬರೆಯುವಲ್ಲಿ ನಮ್ಮ ವಿಳಾಸ ಬರೆದರು.
ಒಂದು ವರ್ಷ, ವಾರಕ್ಕೊಂದು ಸಹಿ, ತಪ್ಪಿದರೆ ವಾಪಸ್.

ಆದೇಶದಲ್ಲಿ ಎಲ್ಲ ಇತ್ತು.
ದುಡ್ಡು ಯಾರು ಕೊಡಬೇಕು ಎಂಬ ಸಾಲು ಇರಲಿಲ್ಲ.

ಎರಡನೇ ಕಂತು ದೀಪಾವಳಿಗೆ ಬರಬೇಕಿತ್ತು.
ಸಂಕ್ರಾಂತಿಯೂ ಹೋಯಿತು. ಫೋನು ಮಾಡಿದರೆ
“ಫೈಲು ಮ್ಯಾಲ ಹೋಗ್ಯಾದ್ರಿ ಮೇಡಂ.”
ಮೇಲೆ ಎಂದರೆ ಎಷ್ಟು ಮೇಲೆ?
ಕಿಟಕಿಯಿಂದ ನನಗೆ ಕಾಣುವುದು ಕೋಟೆಯ ಗುಡ್ಡದವರೆಗೆ ಮಾತ್ರ.

ವೆಂಕೋಬನಿಗೆ ಮೂರು ತಿಂಗಳ ಸಂಬಳ ಬಾಕಿ.
ಅವನೂ ಅದೇ ಓಣಿಯವನು, ಬಿಟ್ಟು ಐದು ವರ್ಷವಾದವನು,
ಕಾಗದದಲ್ಲಿ ಅವನ ಹುದ್ದೆ ‘ಸಹವರ್ತಿ’.
ಓಣಿಯಿಂದ ದೂರವಿರಲೆಂದು ಹುಸೇನಪ್ಪ
ದೇವಸೂಗೂರಲ್ಲಿ, ಹೆಂಡತಿಯ ತವರಲ್ಲಿದ್ದಾನೆ.
ಆಕೆ ಅಪರಾತ್ರಿ ಫೋನು ಮಾಡಿದರೆ
ಇವನು ಯಾರದಾದರೂ ಗಾಡಿ ಕೇಳಿ ಕೃಷ್ಣೆಯ ದಿಕ್ಕಿಗೆ ಹೊರಡುತ್ತಾನೆ.
ಗೋಡೆ ತುಂಬ ಚೇಳು ಎಂದು ಕೂಗುವವನ ಮಗ್ಗುಲಲ್ಲಿ ಕೂತು
“ಎಲ್ಲದಾವ? ಎಣಸು, ನೋಡೋಣು” ಅನ್ನುತ್ತಾನೆ.
ಒಂದು ರಾತ್ರಿ ನೂರಾ ಹತ್ತರವರೆಗೆ ಎಣಿಸಿದರಂತೆ,
ಆಮೇಲೆ ಬೆಳಗಾಯಿತಂತೆ.

ಪೆಟ್ರೋಲು ಐವತ್ತು, ಚಹಾ ಇಪ್ಪತ್ತು, ರಸೀದಿ ಇಲ್ಲ.
ನಾನು ಬರೆದೆ: ಸಾದಿಲ್ವಾರು, ಎಪ್ಪತ್ತು.

ಕಲಬುರಗಿಯಿಂದ ಆಡಿಟಿನವರು ಬಂದರು.
ಒಳ್ಳೆಯ ಮನುಷ್ಯ. ಊಟಕ್ಕೆ ಕರೆದರೆ ಡಬ್ಬಿ ತಂದಿದ್ದೇನೆ ಎಂದರು.
ಎಪ್ಪತ್ತರ ಸುತ್ತ ಕೆಂಪು ಶಾಯಿಯ ದುಂಡು,
ಪಕ್ಕದಲ್ಲಿ ‘ಉದ್ದೇಶ ಸ್ಪಷ್ಟವಿಲ್ಲ.’
ಚೇಳು ಎಣಿಸಿದ್ದಕ್ಕೆ, ಎಂದು ಬರೆಯಲೇ?

ಫೆಬ್ರುವರಿ ಮೂರನೇ ವಾರ ಪೆಟ್ಟಿಗೆಯಲ್ಲಿ ಹನ್ನೊಂದು ರೂಪಾಯಿ ಉಳಿದಿತ್ತು.
ಬಸ್ ಚಾರ್ಜು ಕೊಡಲಾಗದು ಎಂದು ಎಲ್ಲರಿಗೂ ನಾನೇ ಹೇಳಿದೆ.
ಸಹಿ ಪುಸ್ತಕದಲ್ಲಿ ಹುಸೇನಪ್ಪನ ಹೆಸರಿನ ಮುಂದೆ
ಆ ವಾರದ ಚೌಕ ಖಾಲಿ.
ಮೊದಲ ಚೌಕದಲ್ಲಿ ಇರುವೆ ಓಡಿದಂತಿದ್ದ ಸಹಿ
ಹದಿನೇಳನೆಯದರಲ್ಲಿ ‘ಹು’ ಎಂದು ಓದಲು ಬರುತ್ತಿತ್ತು.
ಗೈರುಹಾಜರಿಯ ವರದಿ ಕೋರ್ಟಿಗೆ ಹೋಯಿತು.
ಟೈಪು ಮಾಡಿದ್ದೂ ನಾನೇ.

ಮರುವಾರ ಬಂದ. ನನ್ನ ಮೇಜಿನ ಮೇಲೆ
ಬೆವರಿಗೆ ಮೆತ್ತಗಾದ ಎರಡು ಟಿಕೀಟು ಇಟ್ಟ.
“ಕೈಗಡ ಇಸ್ಕೊಂಡು ಬಂದಿದ್ನಿರಿ.
ಗಂಜಿನ ಮುಂದ ಇಳದ್ನಿ. ಕಾಲು ಆ ಓಣಿ ಕಡಿ ಹೊಂಟುವು.
ಹೆದರಿಕಿ ಬಂತು. ಎದುರು ಬಂದ ಬಸ್ಸು ಹತ್ತಿ ಊರಿಗೆ ಹೋಗಿಬಿಟ್ನಿ.
ಇದು ಬಂದದ್ದು, ಇದು ಹೋದದ್ದು.”

ಮಂಗಳವಾರ ವಿಚಾರಣೆ. ನ್ಯಾಯಾಧೀಶರು ಏನೆನ್ನುವರೋ.
ಕಂತು ಇನ್ನೂ ಮೇಲೆಯೇ ಇದೆ.
ಎರಡೂ ಟಿಕೀಟು ಅಂಟಿಸಿ ವೋಚರಿನ ನಂಬರು ಹಾಕಿದ್ದೇನೆ.
ಮೊಬಲಗು ಬರೆದಾಯಿತು, ದಿನಾಂಕ ಬರೆದಾಯಿತು,
ಉದ್ದೇಶ ಎಂಬಲ್ಲಿ ಪೆನ್ನು ನಿಂತಿದೆ.

ಕೆಳಗೆ, ಪಾನ್ ಅಂಗಡಿಯ ಮುಂದೆ
ವೆಂಕೋಬ ಯಾರದೋ ಗಾಡಿ ಕೇಳುತ್ತಿದ್ದಾನೆ.